ಷೆಡ್‌ನಲ್ಲಿ ನಿಂತುಹೋಗಿದ್ದ ಎಂಜಿ ಟಿಡಿ ಮತ್ತು ಗೋಣಿಕೊಪ್ಪದ ಒಂದು ಜೀಪ್ ಗ್ಯಾರೇಜು

ನೇರವಾಗಿ ಹೇಳ್ತೀನಿ. ಕೊಡಗಿನಲ್ಲಿ ಯಾರ ಮನೆಯ ಷೆಡ್‌ನಲ್ಲಾದರೂ ಹಳೇ ಸ್ಪೋರ್ಟ್ಸ್ ಕಾರು ಅರ್ಧಂಬರ್ಧ ಬಿಚ್ಚಿಕೊಂಡು ವರ್ಷಗಟ್ಟಲೆ ಬಿದ್ದಿದ್ದರೆ, ಅದನ್ನು ಲಾರಿಗೆ ಹಾಕಿ ಬೆಂಗಳೂರಿಗೆ ಕಳಿಸುವ ಮುಂಚೆ ಈ ಗ್ಯಾರೇಜಿಗೆ ಒಂದ್ಸಲ ಹೋಗಿ ಮಾತಾಡಿ. ಗೋಣಿಕೊಪ್ಪದಿಂದ ಪೊನ್ನಂಪೇಟೆ ಕಡೆ ಹೋಗುವ ರಸ್ತೆಯಲ್ಲಿದೆ. ಬೋರ್ಡ್ ಇಲ್ಲ. ಮುಂದೆ ಯಾವಾಗಲೂ ನಾಲ್ಕೈದು ತೋಟದ ಜೀಪು ನಿಂತಿರುತ್ತವೆ, ಅದೇ ಗುರುತು. ನಮ್ಮ ಕಾರಿನ ಕೆಲಸ ಅಲ್ಲಿ ಪೂರ್ತಿ ಮುಗಿದಿಲ್ಲ, ಸೀಟು ಮತ್ತು ಹುಡ್ (ಮಡಚುವ ಬಟ್ಟೆಯ ಚಾವಣಿ) ಇನ್ನೂ ಬಾಕಿ. ಆದರೆ ಕಾರು ತನ್ನ ಇಂಜಿನ್ ಮೇಲೆ ಓಡಿಕೊಂಡು ಮನೆಗೆ ಬಂತು. ಇಷ್ಟು ವರ್ಷ ಆಗದೇ ಇದ್ದದ್ದು ಇಲ್ಲಿ ಹೇಗಾಯ್ತು ಅಂತ ಸ್ವಲ್ಪ ವಿವರವಾಗಿ ಬರೀತೀನಿ. ಯಾಕಂದ್ರೆ ಇಂಥ ಕಾರು ಇಟ್ಟುಕೊಂಡವರು ನಮ್ಮ ಜಿಲ್ಲೆಯಲ್ಲಿ ಇನ್ನೂ ಇದ್ದಾರೆ, ಎಲ್ಲರ ಕಷ್ಟವೂ ಹೆಚ್ಚುಕಡಿಮೆ ಒಂದೇ.

ಮೊದಲು ಕಾರಿನ ಬಗ್ಗೆ. ಎಂಜಿ ಟಿಡಿ, 1952ರ ಮಾಡೆಲ್. ಎಂಜಿ ಅಂದ್ರೆ ಈಗ ರಸ್ತೆಯಲ್ಲಿ ಕಾಣುವ ಎಸ್‌ಯುವಿಗಳು ನೆನಪಾಗಬಹುದು. ಇದು ಆ ಹೆಸರಿನ ಹಳೇ ತಲೆಮಾರು, ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯದ್ದು. 1949ರ ಕೊನೆಯಿಂದ 1953ರವರೆಗೆ ಹತ್ತಿರಹತ್ತಿರ 30,000 ಟಿಡಿ ತಯಾರಾದವು, ಹೆಚ್ಚಿನವು ಅಮೆರಿಕಕ್ಕೆ ಹೋದವು. ಕೆಲವು ನಮ್ಮ ಕಾಫಿ ತೋಟಗಳಿಗೂ ಬಂದವು. ಎರಡೇ ಸೀಟು, 1250 ಸಿಸಿ ಇಂಜಿನ್, ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್ (ಪೆಟ್ರೋಲಿಗೆ ಗಾಳಿ ಬೆರೆಸೋದು), 54 ಅಶ್ವಶಕ್ತಿ. ಇದು ತಯಾರಾದಾಗ ಕೊಡಗು ಇನ್ನೂ ಬೇರೆ ರಾಜ್ಯ, ಮೈಸೂರಿಗೆ ಸೇರಿದ್ದು 1956ರಲ್ಲಿ. ಅಪ್ಪ ಇದನ್ನು ತೋಟ ಮಾರಿ ಹೊರಟ ಒಬ್ಬ ಪ್ಲಾಂಟರ್ ಹತ್ತಿರ ಕೊಂಡಿದ್ದು. ನಾವು ಮಕ್ಕಳಿದ್ದಾಗ ಹುತ್ತರಿ ಹಬ್ಬಕ್ಕೆ ನೆಂಟರ ಮನೆಗೆ ಇದರಲ್ಲೇ ಹೋಗ್ತಿದ್ದೆವು, ಸೀಟಿನ ಹಿಂದಿನ ಸಾಮಾನು ಜಾಗದಲ್ಲಿ ಇಬ್ಬರು ಮಕ್ಕಳು ತೂರಿಕೊಂಡು.

ಆಮೇಲೆ ಒಂದು ದೊಡ್ಡ ಊರಿನ ವರ್ಕ್‌ಶಾಪಿಗೆ ರಿಸ್ಟೋರ್ ಮಾಡೋಕೆ ಅಂತ ಕೊಟ್ಟೆವು. ಹೆಸರು ಬೇಡ. ಅಲ್ಲಿ ಇಡೀ ಕಾರನ್ನು ಒಂದೇ ಉಸಿರಿಗೆ ಬಿಚ್ಚಿ ಹಾಕಿದರು. ಬಿಚ್ಚೋದಕ್ಕೆ ದುಡ್ಡು ತಗೊಂಡರು, ಬಣ್ಣಕ್ಕೆ ಅಡ್ವಾನ್ಸ್ ತಗೊಂಡರು, ಕಾರು ಮಾತ್ರ ಎರಡು ಸ್ಟ್ಯಾಂಡ್ ಮೇಲೆ ನಿಂತಿತ್ತು. ನಟ್ಟು ಬೋಲ್ಟೆಲ್ಲ ಒಂದೇ ಡಬ್ಬಕ್ಕೆ, ಯಾವುದರ ಮೇಲೂ ಚೀಟಿ ಇಲ್ಲ. ಕೊನೆಗೆ ಸಾಮಾನು ಸಮೇತ ವಾಪಸ್ ತಂದೆವು. ಅಷ್ಟರಲ್ಲಿ 2018ರ ಆಗಸ್ಟ್ ಮಳೆ, ಗುಡ್ಡ ಕುಸಿತ. ಆ ವರ್ಷ ಕೊಡಗಿನಲ್ಲಿ ಏನಾಯ್ತು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ನಮ್ಮ ಮನೆ ಉಳಿಯಿತು, ತೋಟದ ಒಂದು ಬದಿ ಜರಿಯಿತು. ದುಡ್ಡು, ಮನಸ್ಸು ಎರಡೂ ಆ ಕಡೆ ಹೋಯ್ತು, ಕಾರಿನ ಮೇಲೆ ಟಾರ್ಪಲ್ ಬಿತ್ತು.

ಈ ಗ್ಯಾರೇಜಿನ ಮೇಸ್ತ್ರಿ ನನಗೆ ಇಷ್ಟವಾಗಿದ್ದು ಅವರು ಕಾರು ನೋಡಿದ ರೀತಿಗೆ. ಷೆಡ್‌ಗೆ ಬಂದವರು ಇಂಜಿನ್ ಹತ್ತಿರ ಹೋಗಲೇ ಇಲ್ಲ. ಒಂದು ಟಾರ್ಚು, ಒಂದು ಸಣ್ಣ ಸ್ಕ್ರೂಡ್ರೈವರ್ ಹಿಡಿದು ಬಾಗಿಲ ಕೆಳಗೆ, ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಹಿಂದೆ ಚುಚ್ಚಿ ಚುಚ್ಚಿ ನೋಡಿದರು. ಟಿಡಿಯ ಬಾಡಿ ಪೂರ್ತಿ ಕಬ್ಬಿಣದ್ದಲ್ಲ. ಒಳಗೆ ಆಶ್ ಅನ್ನೋ ಮರದ ಚೌಕಟ್ಟು, ಅದರ ಮೇಲೆ ತಗಡು ಹೊದಿಸಿದ್ದು. ಕೊಡಗಿನಲ್ಲಿ ಮರ ಅಂದ್ರೆ ಗೆದ್ದಲು ಇದ್ದದ್ದೇ. ಎಡಗಡೆ ಬಾಗಿಲ ಕಂಬದಲ್ಲಿ ಸ್ಕ್ರೂಡ್ರೈವರ್ ಹಿಡಿಕೆವರೆಗೂ ಇಳಿಯಿತು, ಎಳೆದಾಗ ಮಣ್ಣು ಬಂತು. ಅದನ್ನು ನೋಡಿಯೂ ಅವರು ಬಾಡಿ ಕೆಲಸದಿಂದ ಶುರು ಮಾಡೋಣ ಅನ್ನಲಿಲ್ಲ. "ಅಕ್ಕ, ಮರ, ತಗಡು, ಬಣ್ಣ ಎಲ್ಲ ಆಮೇಲೆ. ಮೊದಲು ಇಂಜಿನ್ ತಿರುಗಲಿ, ಬ್ರೇಕ್ ಹಿಡೀಲಿ. ಅದಾದ್ಮೇಲೆ ಖರ್ಚು ಮಾಡ್ಬೇಕೋ ಬೇಡ್ವೋ ನೀವೇ ಹೇಳಿ" ಅಂದರು.

ಅವರ ಕ್ರಮ ಇಷ್ಟೇ. ಒಂದು ಕೆಲಸ ಹಿಡಿದರೆ ಅದು ಮುಗಿದು, ನಮ್ಮೆದುರು ಪರೀಕ್ಷೆ ಆಗಿ, ಬಿಲ್ ಕೊಟ್ಟ ಮೇಲೆಯೇ ಇನ್ನೊಂದಕ್ಕೆ ಕೈ ಹಾಕೋದು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಅಲ್ಲಿಗೆ ನಿಲ್ಲಿಸಬಹುದು, ಮುಗಿದ ಕೆಲಸ ಮುಗಿದ ಹಾಗೇ ಇರುತ್ತೆ. ಕಾಫಿ ಬೆಲೆ ನೋಡಿಕೊಂಡು ಖರ್ಚು ಮಾಡುವ ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಅನುಕೂಲ ಅಂತ ಹೇಳಿ ತೀರದು. ಹಳೇ ಕಾರುಗಳು ಷೆಡ್‌ನಲ್ಲಿ ಸಾಯೋದು ತುಕ್ಕಿನಿಂದ ಅಲ್ಲ, ಹತ್ತು ಕೆಲಸ ಒಟ್ಟಿಗೆ ಶುರುವಾಗಿ ಒಂದೂ ಮುಗಿಯದೆ ಇರೋದರಿಂದ ಅಂತ ನನಗೆ ಈಗ ಖಾತ್ರಿಯಾಗಿದೆ.

ಕೆಲಸಕ್ಕೆ ಇಳಿಯುವ ಮುಂಚೆ ಹುಡುಗರನ್ನು ಕೂರಿಸಿ ಆ ಡಬ್ಬದಲ್ಲಿದ್ದ ಬೋಲ್ಟುಗಳನ್ನೆಲ್ಲ ವಿಂಗಡಿಸಿದರು. ಟಿಡಿಯಲ್ಲಿ ಇದೊಂದು ದೊಡ್ಡ ತಲೆನೋವು. ಚಾಸಿಯಲ್ಲಿ ಇರೋದು ಬ್ರಿಟಿಷ್ ಮರೆ (ಬೋಲ್ಟಿನ ತಿರುಪು ಸುತ್ತು), ಬಿಎಸ್‌ಎಫ್ ಅನ್ನೋ ಅಳತೆಯದ್ದು. ಇಂಜಿನ್‌ನಲ್ಲಿ ಮಾತ್ರ ಮೆಟ್ರಿಕ್ ಮರೆ, ಆದರೆ ತಲೆ ಬ್ರಿಟಿಷ್ ಅಳತೆಯದ್ದು, ಅಂದ್ರೆ ಸ್ಪ್ಯಾನರ್ ವಿಟ್ವರ್ತ್ ಬೇಕು. ಫ್ರಾನ್ಸಿನ ಹಾಚ್ಕಿಸ್ ಕಂಪನಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಒಂದು ಇಂಜಿನ್ ಕಾರ್ಖಾನೆ ನಡೆಸ್ತಿತ್ತು, ಅದನ್ನು ಎಂಜಿಗೆ ಇಂಜಿನ್ ಮಾಡಿಕೊಡ್ತಿದ್ದ ಮಾರಿಸ್ ಕಾರು ಕಂಪನಿಯವರು 1923ರಲ್ಲಿ ಕೊಂಡರು. ಅಲ್ಲಿನ ಮೆಷಿನ್‌ಗಳು ಮೆಟ್ರಿಕ್ ಆಗಿದ್ದವು, ಆ ಪದ್ಧತಿ ಈ ಇಂಜಿನ್‌ವರೆಗೂ ಹಾಗೇ ಮುಂದುವರೀತು. ನಮಗೆ ಇದರಿಂದ ಆಗುವ ತೊಂದರೆ ಏನಂದ್ರೆ, ಹಾರ್ಡ್‌ವೇರ್ ಅಂಗಡಿಯ 8 ಮಿ.ಮೀ. ಬೋಲ್ಟಿನ ಮರೆ ಸಾಮಾನ್ಯವಾಗಿ 1.25 ಪಿಚ್ (ಒಂದು ಸುತ್ತಿನಿಂದ ಇನ್ನೊಂದಕ್ಕೆ ಮಿ.ಮೀ.ನಲ್ಲಿ ಅಂತರ), ಈ ಇಂಜಿನ್‌ಗೆ ಬೇಕಾದದ್ದು 1.0. ನೋಡೋಕೆ ಒಂದೇ ಥರ. ಎರಡು ಸುತ್ತು ಹೋಗುತ್ತೆ, ಬಿಗಿ ಮಾಡಿದರೆ ಬ್ಲಾಕಿನ ಮರೆಯೇ ಹಾಳು. ಹಿಂದಿನವರು ಎರಡು ಕಡೆ ಹಾಗೆ ಮಾಡಿಟ್ಟಿದ್ದರು. ಇವರು ಪಿಚ್ ಗೇಜ್ ಇಟ್ಟು ಒಂದೊಂದನ್ನೂ ನೋಡಿ, ಕಮ್ಮಿ ಬಿದ್ದದ್ದನ್ನು ಲೇತ್‌ನಲ್ಲಿ ಹೊಸದಾಗಿ ಮಾಡಿಸಿದರು. ಜೀಪಿನ ಮೇಲೆ ಕೈ ಪಳಗಿದವರಿಗೆ ಈ ಬುದ್ಧಿ ಹೇಗೆ ಬಂತು ಅಂದ್ರೆ, ನಾನು ಕೊಟ್ಟ ವರ್ಕ್‌ಶಾಪ್ ಮ್ಯಾನ್ಯುಯಲ್ ಜೆರಾಕ್ಸನ್ನು ಚಿತ್ರ ಸಮೇತ ಓದಿದ್ದರು. ಪುಟಗಳ ತುಂಬ ಗ್ರೀಸ್ ಬೆರಳಚ್ಚು ಇದೆ ಈಗ.

ಇಂಜಿನ್ ಜಾಮ್ ಆಗಿತ್ತು. ಪ್ಲಗ್ ತೆಗೆದು ನಾಲ್ಕೂ ಸಿಲಿಂಡರಿಗೆ ಡೀಸೆಲ್ ಮತ್ತು ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೆ ಹಾಕುವ ಆಯಿಲ್ ಬೆರೆಸಿ ಹಾಕಿಟ್ಟರು. ದಿನಾ ಹ್ಯಾಂಡಲ್ ಹಾಕಿ ಸುಮ್ನೆ ಕೈಯಿಂದ ಸ್ವಲ್ಪ ಅಲ್ಲಾಡಿಸೋದು, ಜೋರು ಮಾಡೋ ಹಾಗಿಲ್ಲ. ಒಂದು ದಿನ ಬಿಟ್ಟುಕೊಟ್ಟಿತು. ಆಗಲೂ ಸ್ಟಾರ್ಟ್ ಮಾಡೋಕೆ ಬಿಡಲಿಲ್ಲ. ಸಂಪ್ (ಇಂಜಿನ್ ಕೆಳಗಿನ ಆಯಿಲ್ ತೊಟ್ಟಿ) ಇಳಿಸಿ ಕಪ್ಪು ಗಸಿ ಬಳಿದು ತೆಗೆದರು, ಅಂಟಿಕೊಂಡಿದ್ದ ವಾಲ್ವ್ ಬಿಡಿಸಿದರು. ಈ ಇಂಜಿನ್‌ನಲ್ಲಿ ಇನ್ನೊಂದು ವಿಷಯ ಇದೆ. ಬಹಳ ದಿನ ನಿಂತರೆ ಆಯಿಲ್ ಪಂಪ್ ಒಣಗಿ ಆಯಿಲ್ ಎಳೆಯೋದೇ ಇಲ್ಲ. ಮೊದಲು ಪಂಪಿಗೆ ಆಯಿಲ್ ತುಂಬಿ, ಪ್ಲಗ್ ಇಲ್ಲದೆ ತಿರುಗಿಸಿ, ಗೇಜ್‌ನಲ್ಲಿ ಪ್ರೆಷರ್ ಬಂದ ಮೇಲೆಯೇ ಕಿಡಿ ಕೊಡಬೇಕು. ಇದನ್ನು ತಪ್ಪಿಸಿದರೆ ಬೇರಿಂಗ್ ಹೋಗುತ್ತೆ, ಆ ಖರ್ಚನ್ನು ಯಾರೂ ತಡೆಯೋಕಾಗಲ್ಲ.

ಬ್ರೇಕ್ ಕೆಲಸ ಎಲ್ಲಕ್ಕಿಂತ ಚೆನ್ನಾಗಿ ಮಾಡಿದ್ದಾರೆ. ನಾಲ್ಕೂ ಚಕ್ರಕ್ಕೆ ಡ್ರಮ್. ಮುಂದಿನ ಚಕ್ರಗಳಿಗೆ ತಲಾ ಎರಡು ವೀಲ್ ಸಿಲಿಂಡರ್, ಹಿಂದೆ ಒಂದೊಂದು. ಬ್ರೇಕ್ ಆಯಿಲ್ ಗಾಳಿಯಲ್ಲಿರೋ ನೀರನ್ನು ಹೀರಿಕೊಳ್ಳುತ್ತೆ, ನಮ್ಮ ಮಳೆಗಾಲದಲ್ಲಿ ಕೇಳಬೇಕಾ, ಆರೂ ಸಿಲಿಂಡರ್ ಒಳಗಡೆ ಗುಳಿ ಬಿದ್ದು ತುಕ್ಕು ಹಿಡಿದಿದ್ದವು. ಸುಮ್ನೆ ರಬ್ಬರ್ ಬದಲಾಯಿಸಿ ಕೊಡುವವರು ಜಾಸ್ತಿ. ಇವರು ಲೇತ್‌ನಲ್ಲಿ ಕೊರೆಸಿ ಸ್ಟೀಲ್ ಸ್ಲೀವ್ (ಒಳಕೊಳವೆ) ಕೂರಿಸಿ, ಮೂಲ ಅಳತೆಗೆ ತಂದರು. ಪೈಪೆಲ್ಲ ಹೊಸದು, ತಾಮ್ರ-ನಿಕ್ಕಲ್ ಮಿಶ್ರದ್ದು. ಆಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಳಿಜಾರಲ್ಲಿ ಹೋಗಿ ಬ್ರೇಕ್ ಹಾಕಿ ತೋರಿಸಿದರು, ಕಾರು ಒಂದು ಕಡೆಗೆ ಎಳೆಯಲಿಲ್ಲ. ಸಂಪಾಜೆ ಘಾಟ್ ಇಳಿಯುವಷ್ಟು ಧೈರ್ಯ ನನಗೆ ಇನ್ನೂ ಇಲ್ಲ, ಆದರೆ ಗೋಣಿಕೊಪ್ಪದಿಂದ ವಿರಾಜಪೇಟೆವರೆಗೆ ನಿಶ್ಚಿಂತೆಯಿಂದ ಓಡಿಸ್ತೀನಿ.

ಕಾರ್ಬುರೇಟರ್ ಟ್ಯೂನ್ ಮಾಡೋದನ್ನು ಪಕ್ಕದಲ್ಲೇ ನಿಂತು ನೋಡಿದೆ. ಒಂದು ಗೇಣುದ್ದಕ್ಕಿಂತ ಸ್ವಲ್ಪ ಜಾಸ್ತಿ ಇರೋ ರಬ್ಬರ್ ಪೈಪು. ಒಂದು ತುದಿ ಕಿವಿಗೆ, ಇನ್ನೊಂದು ತುದಿ ಮೊದಲನೇ ಕಾರ್ಬುರೇಟರ್ ಬಾಯಿಗೆ, ಆಮೇಲೆ ಎರಡನೇದಕ್ಕೆ. ಗಾಳಿ ಎಳೆಯುವ ಸದ್ದು ಎರಡರಲ್ಲೂ ಒಂದೇ ಥರ ಬರೋವರೆಗೆ ಸ್ಕ್ರೂ ತಿರುಗಿಸೋದು. ಅದು ಸರಿಹೋದ ಮೇಲೆ ಕಾರ್ಬುರೇಟರ್ ಒಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಮ್ಮಿ ಎತ್ತಿ ಹಿಡಿದು ಇಂಜಿನ್ ಏನು ಹೇಳುತ್ತೆ ಅಂತ ಕೇಳಿದರು. ವೇಗ ಏರಿ ಹಾಗೇ ಉಳಿದರೆ ಪೆಟ್ರೋಲ್ ಜಾಸ್ತಿ, ಇಂಜಿನ್ ತೊದಲಿ ಆರಿದರೆ ಕಮ್ಮಿ, ಒಂದು ಕ್ಷಣ ಏರಿ ಮತ್ತೆ ಮೊದಲಿನ ಹಾಗೆ ಆದರೆ ಸರಿ. ಅಷ್ಟು ಹೊತ್ತು ಗ್ಯಾರೇಜಿನಲ್ಲಿ ಯಾರಿಗೂ ಸುತ್ತಿಗೆ ಹೊಡೆಯೋಕೆ ಬಿಟ್ಟಿರಲಿಲ್ಲ. ಕಂಪ್ಯೂಟರ್ ಇಲ್ಲ, ಮೀಟರ್ ಇಲ್ಲ. ಕೆಲಸ ಅಂದ್ರೆ ಇದು ಅಂತ ಅನ್ನಿಸಿತು ನನಗೆ.

ಪೆಟ್ರೋಲ್ ವಿಷಯ ಈಗ ಎಲ್ಲ ಹಳೇ ಗಾಡಿಯವರೂ ಯೋಚಿಸಬೇಕು. ಈಗ ಬಂಕ್‌ಗಳಲ್ಲಿ ಸಿಗೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಹಳೇ ರಬ್ಬರ್ ಹೋಸ್, ಇಂಜಿನ್‌ಗೆ ಪೆಟ್ರೋಲ್ ಎಳೆಯುವ ಪಂಪಿನ ಡಯಾಫ್ರಾಮ್ (ತೆಳು ಪರದೆ) ಇವಕ್ಕೆ ಅದು ಆಗಿಬರಲ್ಲ, ಮೆತ್ತಗಾಗಿ ಬಿರುಕು ಬಿಡುತ್ತವೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತೆ, ಹಾಗಾಗಿ ಮಳೆಗಾಲ ಪೂರ್ತಿ ಟ್ಯಾಂಕಿನಲ್ಲಿ ಪೆಟ್ರೋಲ್ ಬಿಟ್ಟರೆ ತಳದಲ್ಲಿ ನೀರು ಕೂರುತ್ತೆ, ಟ್ಯಾಂಕ್ ಒಳಗಿನಿಂದಲೇ ತಿನ್ನುತ್ತೆ. ಇವರು ಎಥನಾಲ್ ತಡೆಯುವ ಹೋಸ್, ಹೊಸ ಡಯಾಫ್ರಾಮ್ ಹಾಕಿಸಿದರು, ಇಂಗ್ಲೆಂಡಿನಿಂದ ತರಿಸಿದ್ದು. ಈ ಕಾರಿನ ಪಂಪ್ ಕರೆಂಟಿನದ್ದು. ಕೀ ತಿರುಗಿಸಿದ ತಕ್ಷಣ ಟಕಟಕ ಅಂತ ಬೇಗಬೇಗ ಬಡಿದು, ಕಾರ್ಬುರೇಟರ್ ತುಂಬುತ್ತಾ ಬಂದ ಹಾಗೆ ನಿಧಾನ ಆಗಿ, ನಿಂತುಬಿಡಬೇಕು. ನಿಲ್ಲದೆ ಬಡೀತಾನೇ ಇದ್ದರೆ ಎಲ್ಲೋ ಸೋರ್ತಿದೆ ಅಥವಾ ಕಾರ್ಬುರೇಟರ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಕೂರ್ತಿಲ್ಲ ಅಂತ ಅರ್ಥ. ನನಗೆ ಇದನ್ನು ಕಲಿಸಿಕೊಟ್ಟು, ಬಡಿತ ನಿಲ್ಲದಿದ್ದರೆ ಸ್ಟಾರ್ಟ್ ಮಾಡಲೇಬೇಡಿ, ಫೋನ್ ಮಾಡಿ ಅಂದಿದ್ದಾರೆ.

ವೈರಿಂಗ್ ಬಗ್ಗೆ ಜಾಸ್ತಿ ಬರೆಯೋಲ್ಲ. ಇಲಿ ತಿಂದಿತ್ತು, ಹೊಸದು ಹಾಕಿದರು, ವೈರಿನ ಬಣ್ಣಗಳು ಮೊದಲಿನ ಲೂಕಾಸ್ ಕಂಪನಿಯ ಕ್ರಮದಲ್ಲೇ ಇವೆ. ಬ್ಯಾಟರಿಯ ಪ್ಲಸ್ ತುದಿ ಬಾಡಿಗೆ ಅರ್ಥ್ ಆಗಿರೋದನ್ನು (ಈಗಿನ ಕಾರುಗಳಲ್ಲಿ ಮೈನಸ್) ಬದಲಾಯಿಸಲಿಲ್ಲ, ಡ್ಯಾಶ್‌ಬೋರ್ಡಿನ ಕೆಳಗೆ ದೊಡ್ಡದಾಗಿ ಬರೆದು ಅಂಟಿಸಿದ್ದಾರೆ. ಒಳ್ಳೇದು.

ಮರದ ಕೆಲಸಕ್ಕೆ ಅವರೇ ಒಬ್ಬ ಆಚಾರಿಯನ್ನು ಕರೆತಂದರು. ಆಶ್ ನಮ್ಮಲ್ಲಿ ಸಿಗಲ್ಲ. ಹಲಸು ಹಾಕೋಣ ಅಂತ ಒಂದು ಮಾತು ಬಂತು, ಕೊನೆಗೆ ನಮ್ಮ ಹಳೇ ಮನೆ ಬಿಚ್ಚಿದಾಗ ಎತ್ತಿಟ್ಟಿದ್ದ ತೇಗದ ತೊಲೆಯನ್ನೇ ಸೀಳಿಸಿದೆವು. ಹೊಸದಾಗಿ ತೇಗ ಕಡಿಯೋದಂದ್ರೆ ಅರಣ್ಯ ಇಲಾಖೆ ಪರ್ಮಿಷನ್ನು, ಹಸಿ ಮರ ಒಣಗೋ ಕಾಯುವಿಕೆ. ಈ ತೊಲೆ ಒಣಗಿ ತಲೆಮಾರೇ ಕಳೆದಿದೆ. ತೇಗದಲ್ಲಿ ಎಣ್ಣೆ ಅಂಶ ಇರೋದರಿಂದ ಅಂಟು ಸರಿಯಾಗಿ ಹಿಡಿಯಲ್ಲ. ಆಚಾರಿ ಪ್ರತಿ ಜೋಡಣೆಯನ್ನೂ ಅಂಟು ಹಚ್ಚುವ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಆರಿದ ತಕ್ಷಣ ಅಂಟಿಸಿ, ಸ್ಕ್ರೂ ಹಾಕಿದರು. ಟಿಡಿಯ ಬಾಗಿಲಿಗೆ ಕೀಲು ಇರೋದು ಹಿಂದಿನ ಕಡೆ, ಮುಂದಿನಿಂದ ತೆರೆಯೋದು. ಚಿಲಕ ಹಿಡಿಯುವ ಕಂಬ ಸಡಿಲ ಆದರೆ ಓಡುವಾಗ ಗಾಳಿಗೆ ಬಾಗಿಲು ಹಾರಿ ತೆರೆದುಕೊಳ್ಳುತ್ತೆ, ಹಾಗಾಗಿ ಇಲ್ಲಿ ಮರ ಅಂದ್ರೆ ಬರೀ ಚೆಂದಕ್ಕಲ್ಲ, ಜೀವದ ಪ್ರಶ್ನೆ. ಈಗ ಎರಡೂ ಬಾಗಿಲು ಒಂದೇ ಬೆರಳಲ್ಲಿ ತಳ್ಳಿದರೆ ಕ್ಲಿಕ್ ಅಂತ ಕೂರುತ್ತವೆ. ಅಪ್ಪ ಅದನ್ನು ಮತ್ತೆ ಮತ್ತೆ ತೆಗೆದು ಹಾಕಿ ನೋಡಿದರು.

ಟಿಂಕರಿಂಗ್ ಮಾಡ್ತಾರೆ, ಆದರೆ ಅಲ್ಲಿನ ಬಣ್ಣದ ಕೆಲಸ ನನಗೆ ಅಷ್ಟು ಹಿಡಿಸಲಿಲ್ಲ. ಬಣ್ಣ ಹೊಡೆಯೋಕೆ ಮುಚ್ಚಿದ ಬೂತ್ ಇಲ್ಲ, ಒಂದು ಕಡೆ ತೆರೆದ ಷೆಡ್, ಧೂಳು ಕೂರುತ್ತೆ. ಮುಂದಿನ ಮಡ್‌ಗಾರ್ಡ್ ಮೇಲೆ ಕಿತ್ತಳೆ ಸಿಪ್ಪೆಯ ಹಾಗೆ ತರಿತರಿ ಕಾಣುತ್ತೆ. ಜೀಪಿಗೆ ಅದು ಸಾಕು, ಈ ಕಾರಿಗೆ ಸಾಲದು. ನಾನು ಉಳಿದದ್ದನ್ನು ಮೈಸೂರಲ್ಲಿ ಮಾಡಿಸ್ತೀನಿ ಅಂದೆ, ಅವರೂ ಬೇಜಾರು ಮಾಡಿಕೊಳ್ಳದೆ ಒಪ್ಪಿದರು. ಒಂದು ಮಾತು ಮಾತ್ರ ಒತ್ತಿ ಹೇಳಿದರು, ಅದನ್ನು ನಾನೂ ಹೇಳ್ತೀನಿ: ಮಾಮೂಲಿ ಪ್ರೈಮರ್ ಹೊಡೆದು ಕೊಡಗಿನ ಮಳೆಗಾಲಕ್ಕೆ ಕಾರು ಬಿಡಬೇಡಿ. ಅದು ತೇವ ಹೀರುತ್ತೆ, ಕೆಳಗೆ ತುಕ್ಕು ಶುರುವಾಗುತ್ತೆ, ಮೇಲಿನಿಂದ ಗೊತ್ತೇ ಆಗಲ್ಲ. ಬಣ್ಣ ತಡ ಆಗೋದಾದರೆ ಎಪಾಕ್ಸಿ ಪ್ರೈಮರ್ ಹಾಕಿಸಿ.

ಬೇರೆ ಕೊರತೆಗಳೂ ಇವೆ. ಹಗಲು ಹೊತ್ತು ಫೋನ್ ಎತ್ತೋದು ಅಪರೂಪ. ಕಾಫಿ ಕೊಯ್ಲು ಶುರುವಾದರೆ ತೋಟದ ಜೀಪುಗಳಿಗೇ ಮೊದಲ ಮಣೆ, ನಮ್ಮ ಕಾರು ಮೂಲೆಗೆ. ನಮ್ಮದು ಒಂದು ಇಡೀ ಕೊಯ್ಲು ಹಾಗೇ ನಿಂತಿತ್ತು. ಇದರ ಬಗ್ಗೆ ನನಗೆ ಸಿಟ್ಟೂ ಬಂದಿತ್ತು, ಯಾಕಂದ್ರೆ ಮೊದಲೇ ಹೇಳಬಹುದಿತ್ತು. ಬಿಡಿಭಾಗ ಹುಡುಕೋ ಕೆಲಸ ನಮ್ಮದೇ. ಇಂಗ್ಲೆಂಡಿನಿಂದ ತರಿಸುವುದಾದರೆ ಕಸ್ಟಮ್ಸ್, ಕೊರಿಯರ್ ಎಲ್ಲ ನಾವೇ ನೋಡಿಕೊಳ್ಳಬೇಕು. ಬೇರಿಂಗ್, ಬಲ್ಬು, ಹೋಸ್ ಕ್ಲಿಪ್ ಥರದ ಸಣ್ಣಪುಟ್ಟದ್ದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಿಕ್ಕಿತು. ಇಂಜಿನ್ ಹಿಂದಿನಿಂದ ಇನ್ನೂ ಆಯಿಲ್ ತೊಟ್ಟಿಕ್ಕುತ್ತೆ. ಅದು ಇವರ ತಪ್ಪಲ್ಲ, ಈ ಇಂಜಿನ್‌ಗೆ ಹಿಂದುಗಡೆ ರಬ್ಬರ್ ಸೀಲ್ ಇಲ್ಲ, ಕ್ರ್ಯಾಂಕಿನಲ್ಲಿ (ಇಂಜಿನ್‌ನ ತಿರುಗುವ ಮುಖ್ಯ ದಂಡ) ಕೊರೆದ ಮರೆಯೇ ಆಯಿಲನ್ನು ಒಳಗೆ ವಾಪಸ್ ತಳ್ಳಬೇಕು, ಹೊಸದರಲ್ಲೇ ಸ್ವಲ್ಪ ಸೋರುತ್ತಿತ್ತು. ಕೆಲಸ ಶುರು ಮಾಡುವ ಮುಂಚೆಯೇ "ಇದು ಪೂರ್ತಿ ನಿಲ್ಲಲ್ಲ ಅಕ್ಕ, ಕೆಳಗೆ ಒಂದು ಟ್ರೇ ಇಡಿ" ಅಂತ ಹೇಳಿಬಿಟ್ಟಿದ್ದರು.

ದುಡ್ಡಿನ ವಿಷಯ. ಕೂಲಿ ನ್ಯಾಯವಾಗಿದೆ. ಬ್ರೇಕ್ ಕೆಲಸಕ್ಕೆ ಲೇತ್ ಸೇರಿ 18,000 ರೂಪಾಯಿ ಕೊಟ್ಟೆ, ಪೈಪು, ರಬ್ಬರ್ ಬೇರೆ. ಎಲ್ಲ ಒಂದು ಪುಸ್ತಕದಲ್ಲಿ ಬರೆದಿಡ್ತಾರೆ, ಕೇಳಿದರೆ ಹಾಳೆ ತೋರಿಸಿ ಲೆಕ್ಕ ಹೇಳ್ತಾರೆ. ಬಿಚ್ಚಿದ ಹಳೇ ಸಾಮಾನನ್ನೆಲ್ಲ ಚೀಲಕ್ಕೆ ಹಾಕಿ, ಚೀಟಿ ಬರೆದು, ವಾಪಸ್ ಕೊಟ್ಟರು. ಹಿಂದಿನ ಅನುಭವ ಆದ ಮೇಲೆ ಆ ಚೀಟಿಗಳನ್ನು ನೋಡಿ ನನಗೆ ತುಂಬಾ ಸಮಾಧಾನ ಆಯ್ತು.

ಕಾಗದಪತ್ರ ಗ್ಯಾರೇಜಿನವರ ಕೆಲಸ ಅಲ್ಲ, ಆದರೂ ಗೊತ್ತಿರಲಿ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ತಂದಿದೆ. 50 ವರ್ಷ ದಾಟಿರಬೇಕು, ಮೂಲ ರೂಪ ಉಳಿದಿರಬೇಕು, ಚಾಸಿ, ಬಾಡಿ, ಇಂಜಿನ್‌ಗೆ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ಇರುತ್ತೆ, ಆಮೇಲೆ ನವೀಕರಣಕ್ಕೆ 5,000. ಮೊದಲೇ ನೋಂದಣಿ ಇರುವ ಗಾಡಿಗೆ ಹಳೇ ನಂಬರ್ ಇಟ್ಟುಕೊಳ್ಳಬಹುದು. ಹಾಗೆ ನೋಂದಣಿಯಾದ ಗಾಡಿಯನ್ನು ದಿನಾ ಓಡಿಸೋ ಹಾಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸೋದು, ರಿಪೇರಿ ಇಂಥದ್ದಕ್ಕೆ ಮಾತ್ರ. ಹಾಗಾಗಿ ಜೀಪ್ ಇಂಜಿನ್ ಕೂರಿಸಿಬಿಡಿ, ಡಿಸ್ಕ್ ಬ್ರೇಕ್ ಹಾಕಿಸಿ ಅಂತ ಯಾರಾದರೂ ಸಲಹೆ ಕೊಟ್ಟರೆ ಈ ನಿಯಮ ನೆನಪಿರಲಿ. ಈ ಮೇಸ್ತ್ರಿ ಅಂಥ ಮಾತು ಒಮ್ಮೆಯೂ ಆಡಲಿಲ್ಲ. ಅವರ ಹತ್ತಿರ ಜೀಪ್ ಇಂಜಿನ್‌ಗೆ ಬರ ಇರಲಿಲ್ಲ ಅನ್ನೋದನ್ನೂ ಹೇಳಬೇಕು.

ನಿಮ್ಮ ಕಾರು ತಗೊಂಡು ಹೋಗೋದಾದರೆ ಮ್ಯಾನ್ಯುಯಲ್‌ನ ಒಂದು ಜೆರಾಕ್ಸ್ ಜೊತೆಗಿರಲಿ, ಬಿಡಿ ಸಾಮಾನು ಏನೇನಿದೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ಸಂಜೆ ಆರರ ಮೇಲೆ ಹೋದರೆ ಮೇಸ್ತ್ರಿ ಬಿಡುವಾಗಿ ಸಿಗ್ತಾರೆ. ಕೊಯ್ಲು ಮುಗಿದು, ಮೊದಲ ಮಳೆಗೆ ಕಾಫಿ ಹೂ ಬಿಡುವ ಹೊತ್ತಿಗೆ ಮಾತಾಡಿ ಜಾಗ ಹಿಡಿದರೆ, ಜೂನ್ ಮಳೆ ಹಿಡಿಯೋ ಮುಂಚೆ ಇಂಜಿನ್ ಮತ್ತು ಬ್ರೇಕ್ ಎರಡೂ ಮುಗೀಬಹುದು. ಸೀಟಿನ ಲೆದರ್, ಹುಡ್ ಹೊಲಿಗೆ ಅವರು ಮಾಡಲ್ಲ. ಮೈಸೂರಿನಲ್ಲೋ ಮಂಗಳೂರಿನಲ್ಲೋ ಹಳೇ ಕಾರಿನ ಹುಡ್ ಚೆನ್ನಾಗಿ ಹೊಲಿಯುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ, ನಮಗೆ ಈಗ ಬೇಕಾಗಿರೋದು ಅದೇ.